ಗಣಿಯ ತಳದಲ್ಲಿ ಅಳತೆಯ ಕಸುಬು



ಕೋಲಾರ ಚಿನ್ನದ ಗಣಿ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಚಿನ್ನ, ಸೈನೈಡ್ ಗುಡ್ಡಗಳು ಹಾಗೂ ಕೇಜಿನಲ್ಲಿ ಪಾತಾಳಕ್ಕಿಳಿಯುತ್ತಿದ್ದ ಕಾರ್ಮಿಕರು. ಸುಮಾರು 120 ವರ್ಷಗಳ ಅವಧಿಯಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಆ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅದೇ ಗಣಿಗಳ ತಳದಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಇನ್ನೊಂದು ಕೆಲಸವೂ ನಡೆದಿತ್ತು. ಅದು ಅಳತೆಯ ಕೆಲಸ. ಕಣ್ಣಿಗೆ ಕಾಣದ, ಬಂಡೆಯನ್ನೇ ಹಾಯ್ದು ಬರುವ ಕಣಗಳನ್ನು ಎಣಿಸುವ ಕೆಲಸ. ಈ ಪ್ರಯೋಗಗಳನ್ನು ನಡೆಸಿದ ವಿಜ್ಞಾನಿಗಳ ಹೆಸರು ಪುಸ್ತಕಗಳಲ್ಲಿವೆ. ಆ ಉಪಕರಣಗಳನ್ನು ರೂಪಿಸುವ, ಕೊರೆಯುವ, ಬೆಸೆಯುವ, ಮಟ್ಟ ನೋಡಿ ನಿಲ್ಲಿಸುವ ಕಸುಬಿನ ಬಗ್ಗೆ ಮಾತ್ರ ನಮ್ಮಲ್ಲಿ ಮಾತು ಕಡಿಮೆ. ಇಂದಿನ ವಿಷಯ ಅದೇ.

ಪ್ರಯೋಗಾಲಯದ ಸೂಕ್ಷ್ಮೋಪಕರಣಗಳನ್ನು ರೂಪಿಸುವ ಹಿರಿಯ ಮೆಕ್ಯಾನಿಕಲ್ ಎಂಜಿನಿಯರ್ ಮಾಡುವ ಕೆಲಸವಾದರೂ ಏನು? ಭೌತವಿಜ್ಞಾನಿ ಅವರ ಮುಂದೆ ಒಂದು ಪ್ರಶ್ನೆ ತಂದಿಡುತ್ತಾರೆ: ಇಂಥ ಕಣ ಹಾಯ್ದು ಹೋದರೆ ತಿಳಿಯಬೇಕು, ಯಾವ ಕಡೆಯಿಂದ ಬಂತೆಂದೂ ತಿಳಿಯಬೇಕು. ಎಂಜಿನಿಯರ್ ತಿರುಗಿ ಹತ್ತು ಪ್ರಶ್ನೆ ಕೇಳುತ್ತಾರೆ. ಕೋಣೆ ಎಷ್ಟು ಅಗಲ? ಬಾಗಿಲು ಎಷ್ಟು ಎತ್ತರ? ಒಳಗೆ ಸೆಕೆ ಎಷ್ಟು? ಕರೆಂಟು ಹೋದರೆ ಗತಿ ಏನು? ಒಂದು ಭಾಗ ಕೆಟ್ಟರೆ ಉಳಿದದ್ದನ್ನೆಲ್ಲ ಬಿಚ್ಚಬೇಕೇ? ಎಲ್ಲಕ್ಕಿಂತ ಮುಖ್ಯವಾಗಿ, ಉಪಕರಣ ಸುಳ್ಳು ಹೇಳಿದರೆ ಅದು ಸುಳ್ಳೆಂದು ತಿಳಿಯುವುದು ಹೇಗೆ? ಕೊನೆಯ ಪ್ರಶ್ನೆಗೆ ನಕ್ಷೆಯ ಹಲಗೆಯ ಮೇಲೇ ಉತ್ತರ ಸಿಗಬೇಕು. ಉಪಕರಣ ಕಟ್ಟಿದ ಮೇಲೆ ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಬದಲಾಗುವುದಿಲ್ಲ. ಕೆಜಿಎಫ್‌ನ ಪ್ರಯೋಗಗಳ ಇತಿಹಾಸ ಈ ಮಾತನ್ನು ಮೂರು ಸಲ, ಮೂರು ಬಗೆಯಲ್ಲಿ ತೋರಿಸಿಕೊಡುತ್ತದೆ.

ಗಣಿಯೇ ಏಕೆ?

ಆಕಾಶದಿಂದ ವಿಶ್ವಕಿರಣಗಳು ಸದಾ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಅವು ವಾಯುಮಂಡಲಕ್ಕೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಬಯಲಿನಲ್ಲಿ ನಿಂತು ಅಂಗೈ ಚಾಚಿದರೆ ನಿಮಿಷಕ್ಕೆ ಸುಮಾರು ನೂರು ಮ್ಯುಯಾನ್‌ಗಳು ಅದನ್ನು ಹಾಯ್ದು ಹೋಗುತ್ತವೆ. ನಮಗೆ ಅದರ ಅರಿವೇ ಇರುವುದಿಲ್ಲ. ಈ ಮಳೆಯ ನಡುವೆ ತೀರ ಅಪರೂಪದ ಬೇರೊಂದು ಕಣವನ್ನು ಹುಡುಕುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಆಲಿಸಿದಂತೆ. ಗದ್ದಲ ತಗ್ಗಿಸಲು ಇರುವ ಉಪಾಯ ಒಂದೇ: ತಲೆಯ ಮೇಲೆ ಸಾಕಷ್ಟು ಬಂಡೆ ಇರುವ ಜಾಗಕ್ಕೆ ಹೋಗುವುದು.

ಅಂಥ ಜಾಗ ಕೋಲಾರ ಜಿಲ್ಲೆಯಲ್ಲೇ ಇತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪದವರೆಗೆ 16 ಕಿ.ಮೀ. ರೈಲು ಹಳಿ 1894ರಲ್ಲೇ ಬಂದಿತ್ತು. ಬೌರಿಂಗ್‌ಪೇಟೆ ಎಂದು ಹೆಸರಿದ್ದ ಆ ಜಂಕ್ಷನ್ನು ಗಣಿಗೆ ಬೇಕಾದ ಯಂತ್ರಸಾಮಗ್ರಿಗೆ ಹೆಬ್ಬಾಗಿಲಾಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಗಣಿಗೆ ಕರೆಂಟು ಬಂದದ್ದು ಎಲ್ಲರಿಗೂ ಗೊತ್ತಿರುವ ಮಾತು. ಆಳ, ರೈಲು, ವಿದ್ಯುತ್ತು, ವರ್ಕ್‌ಶಾಪು, ಕಬ್ಬಿಣದ ಕೆಲಸ ಬಲ್ಲ ಜನ ಎಲ್ಲವೂ ಒಂದೇ ಊರಿನಲ್ಲಿ ಕೂಡಿದ್ದವು. ಭೂಗತ ಪ್ರಯೋಗಾಲಯಕ್ಕೆ ಬೇಕಾದದ್ದೂ ಇವೇ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಹೋಮಿ ಭಾಭಾ ಅವರು 1951ರಲ್ಲಿ ಒಬ್ಬ ತರುಣ ವಿಜ್ಞಾನಿಯನ್ನು ಇಲ್ಲಿಗೆ ಕಳಿಸಿದರು. ಅವರು ಬಿ.ವಿ. ಶ್ರೀಕಂಠನ್. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಕೈಯಲ್ಲಿ ಗೈಗರ್ ಕೌಂಟರ್‌ಗಳು. ಕೇಳಬೇಕಾದ ಪ್ರಶ್ನೆ ಸರಳ: ಕೆಳಕ್ಕೆ ಇಳಿದಂತೆ ಮ್ಯುಯಾನ್‌ಗಳ ಸಂಖ್ಯೆ ಎಷ್ಟೆಷ್ಟು ಕಡಿಮೆಯಾಗುತ್ತದೆ?

ಸೊನ್ನೆಯ ಸಾಕ್ಷ್ಯ

ಈ ಎಣಿಕೆ ಒಂದೊಂದೇ ಲೆವೆಲ್ ಇಳಿಯುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಎಸ್. ಮಿಯಾಕೆ, ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಅವರ ತಂಡ ಗಣಿಯ ಅತಿ ಆಳದ ಭಾಗದಲ್ಲಿ ಉಪಕರಣ ಇಟ್ಟಿತು. ಎರಡು ತಿಂಗಳಷ್ಟು ಕಾಲ ಕಾದರೂ ಒಂದೇ ಒಂದು ಮ್ಯುಯಾನ್ ಕೂಡ ದಾಖಲಾಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಉಪಕರಣ ಏನನ್ನೂ ತೋರಿಸದಿದ್ದರೆ ಅದಕ್ಕೆ ಎರಡು ಅರ್ಥವಿರಬಹುದು. ಕಣಗಳು ನಿಜಕ್ಕೂ ಬರಲಿಲ್ಲ ಎಂಬುದು ಒಂದು. ಉಪಕರಣವೇ ಕೆಟ್ಟಿದೆ ಎಂಬುದು ಇನ್ನೊಂದು. ಗಡಿಯಾರದ ಮುಳ್ಳು ನಿಂತರೆ ಕಾಲ ನಿಂತಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಹಾಗಾಗಿ ಸೊನ್ನೆಯನ್ನು ನಂಬಬೇಕಾದರೆ ಉಪಕರಣ ಎಚ್ಚರವಾಗಿದೆ ಎಂಬುದಕ್ಕೆ ದಿನದಿನವೂ ಪುರಾವೆ ಸಿಗುವಂತೆ ಅದನ್ನು ಕಟ್ಟಿರಬೇಕು. ವಿಕಿರಣ ಸೂಸುವ ಚಿಕ್ಕ ಆಕರವೊಂದನ್ನು ಹತ್ತಿರ ತಂದರೆ ಕೌಂಟರು ಎಣಿಸಬೇಕು, ದೂರ ಒಯ್ದರೆ ನಿಲ್ಲಿಸಬೇಕು. ಒಂದೊಂದು ಕೌಂಟರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ಕೈ ಹೋಗುವಷ್ಟು ಸಂದು ಇರಬೇಕು. ನಕ್ಷೆ ಬರೆಯುವವರು ಆ ಸಂದನ್ನು ಬಿಡಲು ಮರೆತರೆ, ಮುಂದೆ ಎಂಥ ವಿಜ್ಞಾನಿ ಬಂದರೂ ಆ ಸೊನ್ನೆಗೆ ಬೆಲೆ ತರಲಾರರು.

ಇದರ ಇನ್ನೊಂದು ಮುಖವೂ ಇದೆ. ಬಂಡೆಯಲ್ಲೇ ಸಹಜ ವಿಕಿರಣ ಇರುತ್ತದೆ. ಕೌಂಟರುಗಳು ಸುಮ್ಮಸುಮ್ಮನೆ ಮಿಡಿಯುತ್ತಲೇ ಇರುತ್ತವೆ. ಒಂದು ಕೌಂಟರು ಸೆಕೆಂಡಿಗೆ 100 ಸಲ ಹೀಗೆ ಮಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಕೌಂಟರುಗಳು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನೊಳಗೆ ಒಟ್ಟಿಗೆ ಮಿಡಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುವುದೆಂದು ನಿಯಮ ಮಾಡಿದರೂ, ಬರೀ ಆಕಸ್ಮಿಕವಾಗಿ ದಿನಕ್ಕೆ ಸುಮಾರು 1,700 ಸುಳ್ಳು ಎಣಿಕೆ ಬರುತ್ತವೆ. ಮೂರು ಕೌಂಟರು ಒಟ್ಟಿಗೆ ಮಿಡಿಯಬೇಕೆಂದರೆ ಸುಳ್ಳು ನಾಲ್ಕು ದಿನಕ್ಕೊಂದಕ್ಕೆ ಇಳಿಯುತ್ತದೆ. ನಾಲ್ಕು ಎಂದರೆ ಸುಮಾರು 80 ವರ್ಷಕ್ಕೊಂದು. ಒಂದರ ಹಿಂದೊಂದು ಪದರ ಜೋಡಿಸುವುದು ಏಕೆಂದು ಇದರಿಂದ ತಿಳಿಯುತ್ತದೆ. ನಾಲ್ಕು ಜನ ಸಾಕ್ಷಿಗಳು ಒಂದೇ ಕ್ಷಣದಲ್ಲಿ ಒಂದೇ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಹೀಗೆ ನಂಬಲರ್ಹವಾದ ಆ ಸೊನ್ನೆಯಿಂದ ಹೊಸ ದಾರಿ ತೆರೆಯಿತು. ಮ್ಯುಯಾನ್ ಗದ್ದಲ ಇಷ್ಟು ತಗ್ಗಿದ ಜಾಗದಲ್ಲಿ ನ್ಯೂಟ್ರಿನೊ ಎಂಬ ಮಹಾ ಮೌನಿಯನ್ನು ಹುಡುಕಬಹುದು ಎಂಬ ಧೈರ್ಯ ಬಂತು. ನ್ಯೂಟ್ರಿನೊ ಭೂಮಿಯನ್ನೇ ಈ ಕಡೆಯಿಂದ ಆ ಕಡೆಗೆ ಹಾಯ್ದು ಹೋಗಬಲ್ಲದು. ಕೋಟ್ಯಂತರ ನ್ಯೂಟ್ರಿನೊಗಳಲ್ಲಿ ಎಲ್ಲೋ ಒಂದು ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದರೆ ಅಲ್ಲಿಂದ ಒಂದು ಮ್ಯುಯಾನ್ ಚಿಮ್ಮುತ್ತದೆ. ಹಿಡಿಯಬೇಕಾದದ್ದು ಆ ಒಂದನ್ನು.

ನಿಂತ ಗೋಡೆ

ಬಂಡೆಯೊಳಗೆ ಹುಟ್ಟಿದ ಮ್ಯುಯಾನನ್ನು ಆಕಾಶದಿಂದ ಇಳಿದು ಬಂದ ಮ್ಯುಯಾನ್‌ನಿಂದ ಬೇರ್ಪಡಿಸುವುದು ಹೇಗೆ? ಉತ್ತರ ಕೋನದಲ್ಲಿದೆ. 2.3 ಕಿ.ಮೀ. ಆಳದಲ್ಲಿ ನಿಂತವರಿಗೆ ನೆತ್ತಿಯ ಮೇಲೆ 2.3 ಕಿ.ಮೀ. ಬಂಡೆ. ಲಂಬದಿಂದ 60 ಡಿಗ್ರಿ ಓರೆಯಾಗಿ ನೋಡಿದರೆ ಆ ದಾರಿಯಲ್ಲಿ 4.6 ಕಿ.ಮೀ. ಬಂಡೆ. ಇನ್ನೂ ಓರೆಯಾದರೆ ಇನ್ನೂ ಹೆಚ್ಚು. ಆಕಾಶದ ಮ್ಯುಯಾನ್‌ಗಳಿಗೆ ಅಷ್ಟು ದೂರ ಕೊರೆದುಕೊಂಡು ಬರಲು ಆಗುವುದಿಲ್ಲ. ಆದ್ದರಿಂದ ಪಕ್ಕದಿಂದ, ಅಡ್ಡಡ್ಡಲಾಗಿ ಬಂದ ಮ್ಯುಯಾನ್ ಸಿಕ್ಕರೆ ಅದು ನ್ಯೂಟ್ರಿನೊದಿಂದ ಹುಟ್ಟಿದ್ದೇ ಸರಿ.

ಈ ತರ್ಕ ಉಪಕರಣದ ರೂಪವನ್ನೇ ಬದಲಿಸಿತು. ಆಕಾಶ ನೋಡುವ ದೂರದರ್ಶಕ ಮೇಲ್ಮುಖವಾಗಿರುತ್ತದೆ. ಕೆಜಿಎಫ್‌ನ ನ್ಯೂಟ್ರಿನೊ ದೂರದರ್ಶಕಗಳು ಪಕ್ಕಕ್ಕೆ ಮುಖ ಮಾಡಿ ಗೋಡೆಯಂತೆ ನಿಂತಿದ್ದವು. ಎರಡು ಬದಿಗೆ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳು. ಕಣ ಹಾಯ್ದರೆ ಕ್ಷಣಮಾತ್ರ ಮಿನುಗುವ ವಸ್ತು ಅದು. ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲುಗಳು, ಅವುಗಳ ಮಧ್ಯೆ ಸೀಸದ ತಡೆ. ಎರಡೂ ಗೋಡೆಗಳು ಒಟ್ಟಿಗೆ ಮಿನುಗಿದರೆ ಕೊಳವೆಗಳಿಗೆ ಅಧಿಕ ವೋಲ್ಟೇಜು ಹರಿಯುತ್ತದೆ. ಕಣ ಹಾಯ್ದ ಕೊಳವೆಗಳು ಮಾತ್ರ ಬೆಳಗುತ್ತವೆ. ಕ್ಯಾಮರಾ ಅದರ ಚಿತ್ರ ಹಿಡಿಯುತ್ತದೆ. ಬೆಳಗಿದ ಕೊಳವೆಗಳನ್ನು ಗೆರೆ ಎಳೆದು ಜೋಡಿಸಿದರೆ ಕಣ ಬಂದ ದಾರಿ ಸಿಗುತ್ತದೆ.

ಈಗ ಮೆಕ್ಯಾನಿಕಲ್ ಎಂಜಿನಿಯರ್ ಕಣ್ಣಿನಿಂದ ಇದನ್ನು ನೋಡಿ. ಒಂದು ಮೀಟರ್ ಅಂತರದಲ್ಲಿರುವ ಎರಡು ಕೊಳವೆ ಸಾಲುಗಳಲ್ಲಿ ಒಂದು ಸಾಲು 1 ಸೆಂ.ಮೀ. ಕುಸಿದರೆ ಕೋನದಲ್ಲಿ ಅರ್ಧ ಡಿಗ್ರಿಗೂ ಹೆಚ್ಚು ತಪ್ಪು ಬರುತ್ತದೆ. ಗಣಿಯ ನೆಲವೋ, ಕಾಂಕ್ರೀಟ್ ಹಾಕಿದ ಬೆಂಗಳೂರಿನ ಪ್ರಯೋಗಾಲಯದ ನೆಲದಂತಲ್ಲ. ಮೇಲಿನ ಭಾರಕ್ಕೆ ಸುರಂಗ ಮೆಲ್ಲಮೆಲ್ಲಗೆ ಮುದುರುತ್ತದೆ. ಕೆಲವೊಮ್ಮೆ ಬಂಡೆ ಸಿಡಿಯುತ್ತದೆ. ಬಂಡೆಸಿಡಿತ ಕೋಲಾರ ಗಣಿಗಳ ಹಳೆಯ ಶಾಪ. ಎಷ್ಟೋ ಕಾರ್ಮಿಕರ ಜೀವ ತೆಗೆದದ್ದು. ರಾಷ್ಟ್ರೀಯ ಶಿಲಾಯಂತ್ರ ವಿಜ್ಞಾನ ಸಂಸ್ಥೆ 1988ರಲ್ಲಿ ಇದೇ ಊರಿನಲ್ಲಿ ಆರಂಭವಾದದ್ದು ಸುಮ್ಮನೆ ಅಲ್ಲ. ಇಂಥ ನೆಲದ ಮೇಲೆ ನಿಲ್ಲುವ ಚೌಕಟ್ಟಿಗೆ ಎತ್ತರ ತಿದ್ದಲು ಬರುವ ಸ್ಕ್ರೂ ಕಾಲುಗಳು ಬೇಕು. ಆಗಾಗ ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೋಡಬೇಕು. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಬಳಸುವ ಆ ಎರಡು ಸಾಮಾನುಗಳೇ ಇಲ್ಲಿ ವಿಶ್ವಕಿರಣದ ಕೋನಕ್ಕೂ ಆಧಾರ.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯ ಕೂಡಿ ನಡೆಸಿದ ಈ ಪ್ರಯೋಗದಲ್ಲಿ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ಆರ್ನಾಲ್ಡ್ ವುಲ್ಫೆಂಡೇಲ್ ಮೊದಲಾದವರಿದ್ದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಪತ್ತೆಯಾದ ಸುದ್ದಿ ಅವರ ಪ್ರಬಂಧವಾಗಿ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ಅದೇ ವರ್ಷದ ಫೆಬ್ರುವರಿಯಲ್ಲೇ ಇಂಥ ಕಣವನ್ನು ಕಂಡಿತ್ತು. ಅವರ ಪ್ರಬಂಧ ಪ್ರಕಟವಾದದ್ದು ಆಗಸ್ಟ್ 30ರಂದು. ಯಾರು ಮೊದಲು ಎಂಬ ಚರ್ಚೆ ಇಲ್ಲಿ ಬೇಡ. ಭೂಮಿಯ ಎರಡು ಕಡೆ ಚಿನ್ನಕ್ಕಾಗಿ ತೋಡಿದ ಎರಡು ಬಾವಿಗಳಲ್ಲಿ ಎರಡು ಬೇರೆ ಬೇರೆ ಉಪಕರಣಗಳು ಒಂದೇ ಮಾತು ಹೇಳಿದವು, ಜಗತ್ತು ನಂಬಿತು.

ಕಬ್ಬಿಣದ ಅಟ್ಟಣೆ

ಮೂರನೆಯ ಅಧ್ಯಾಯ ಪ್ರೋಟಾನಿನದು. ಜಗತ್ತಿನ ಎಲ್ಲ ವಸ್ತುವಿನಲ್ಲೂ ಇರುವ ಪ್ರೋಟಾನ್ ಅಜರಾಮರ ಎಂಬ ನಂಬಿಕೆಯನ್ನು 1970ರ ದಶಕದ ಹೊಸ ಸಿದ್ಧಾಂತಗಳು ಅಲುಗಿಸಿದವು. ಅದಕ್ಕೂ ಒಂದು ಆಯಸ್ಸಿದೆ, ಅದು 1ರ ಮುಂದೆ 30ಕ್ಕೂ ಹೆಚ್ಚು ಸೊನ್ನೆ ಬರೆದಷ್ಟು ವರ್ಷ ಇರಬಹುದು ಎಂದವು. ಅಷ್ಟು ಕಾಲ ಕಾಯುವವರು ಯಾರು? ಕಾಯುವ ಬದಲು ಹೆಚ್ಚು ಪ್ರೋಟಾನುಗಳನ್ನು ಒಟ್ಟಿಗೆ ಕಾವಲು ಕಾದರಾಯಿತು. 100 ಟನ್ ಕಬ್ಬಿಣದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನುಗಳ ಸಂಖ್ಯೆ ಸುಮಾರು 6ರ ಮುಂದೆ 31 ಸೊನ್ನೆ. ಆಯಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷವಾದರೆ ವರ್ಷಕ್ಕೆ ಐದಾರು ಸಾವುಗಳು ಕಾಣಬೇಕು. ಇನ್ನೊಂದು ಸೊನ್ನೆ ಹೆಚ್ಚಾದರೆ ವರ್ಷಕ್ಕೆ ಒಂದೂ ಇಲ್ಲ. ಉಪಕರಣದ ತೂಕ ಎಷ್ಟಿರಬೇಕು ಎಂಬುದು ಹೀಗೆ ತೀರ್ಮಾನವಾಗುತ್ತದೆ.

ಟಾಟಾ ಸಂಸ್ಥೆ ಹಾಗೂ ಒಸಾಕಾದ ವಿಜ್ಞಾನಿಗಳು 2.3 ಕಿ.ಮೀ. ಆಳದಲ್ಲಿ ಕಟ್ಟಿದ ಉಪಕರಣ 1980ರ ಕೊನೆಗೆ ಕೆಲಸ ಆರಂಭಿಸಿತು. ಪ್ರೋಟಾನ್ ಕ್ಷಯಕ್ಕೆಂದೇ ಕಟ್ಟಿದ ಉಪಕರಣಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಇದು. 6 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ಅಂತಸ್ತಿನ ಮನೆಗಿಂತ ಸ್ವಲ್ಪ ಎತ್ತರ. ತೂಕ 140 ಟನ್. ಒಳಗೆ ಸುಮಾರು 1,600 ಕಬ್ಬಿಣದ ಚೌಕ ಕೊಳವೆಗಳು, ಒಂದೊಂದರ ಅಡ್ಡಕೊಯ್ತ 10 ಸೆಂ.ಮೀ. ಚದರ. ಕೊಳವೆಯ ನಟ್ಟನಡುವೆ ಕೂದಲೆಳೆಯಂಥ ತಂತಿ, ಸುತ್ತ ಅನಿಲ. ಕಣ ಹಾಯ್ದರೆ ಅನಿಲದಲ್ಲಿ ವಿದ್ಯುದಂಶ ಬಿಡುಗಡೆಯಾಗಿ ತಂತಿ ಮಿಡಿಯುತ್ತದೆ. ಒಂದು ಪದರದ ಕೊಳವೆಗಳು ಉದ್ದಕ್ಕೆ, ಮುಂದಿನ ಪದರದವು ಅಡ್ಡಕ್ಕೆ. ಪದರಗಳ ನಡುವೆ ಕಬ್ಬಿಣದ ತಗಡುಗಳು. ಹೀಗೆ 34 ಪದರಗಳ ಅಟ್ಟಣೆ.

ಬಯಲಿನಲ್ಲಿ ಇಟ್ಟಿದ್ದರೆ ಇದರ ಮೇಲೆ ದಿನಕ್ಕೆ ಸುಮಾರು 35 ಕೋಟಿ ಮ್ಯುಯಾನ್‌ಗಳು ಬೀಳುತ್ತಿದ್ದವು. ಗಣಿಯ ತಳದಲ್ಲಿ ಬೀಳುತ್ತಿದ್ದದ್ದು ದಿನಕ್ಕೆ ಸುಮಾರು ಎರಡು.

ಇಂಥ ಉಪಕರಣದ ನಕ್ಷೆ ಬರೆಯುವಾಗ ಎದುರಾಗುವ ಲೆಕ್ಕಗಳು ಹೊರಗಿನವರಿಗೆ ಬಲು ಚಿಕ್ಕವಾಗಿ ಕಾಣುತ್ತವೆ. 6 ಮೀಟರ್ ಉದ್ದದ, ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ಟಂಗ್‌ಸ್ಟನ್ ತಂತಿಯೊಂದನ್ನು ತೆಗೆದುಕೊಳ್ಳಿ. ಅದನ್ನು 300 ಗ್ರಾಂ ಭಾರದಷ್ಟು ಬಿಗಿ ಎಳೆದು ಕಟ್ಟಿದರೂ ತನ್ನ ತೂಕಕ್ಕೇ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ಜೋಲುತ್ತದೆ. ಬಿಗಿ ಅರ್ಧ ಮಾಡಿದರೆ ಜೋಲು ಎರಡರಷ್ಟಾಗುತ್ತದೆ. ನಡುವೆ ಒಂದು ಆಧಾರ ಕೊಟ್ಟರೆ ಜೋಲು ಕಾಲುಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಆ ಆಧಾರದ ಸುತ್ತ ಕಣ ಕಾಣದ ಕುರುಡು ಜಾಗ ಹುಟ್ಟಿಕೊಳ್ಳುತ್ತದೆ. ತುಂಬ ಬಿಗಿ ಮಾಡಿದರೆ ವರ್ಷಗಳ ಮೇಲೆ ತಂತಿ ತುಂಡಾಗುವ ಭಯ.

ಇನ್ನು ಶಾಖ. ವರ್ಕ್‌ಶಾಪಿನಲ್ಲಿ ಜೋಡಿಸಿದ ಕೊಳವೆ ಗಣಿಯಲ್ಲಿ 10 ಡಿಗ್ರಿ ಹೆಚ್ಚು ಬಿಸಿಯಾದರೆ 6 ಮೀಟರ್ ಕಬ್ಬಿಣ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ. ಒಳಗಿನ ಟಂಗ್‌ಸ್ಟನ್ ಅದರ ಅರ್ಧಕ್ಕಿಂತ ಕಡಿಮೆ ಹಿಗ್ಗುತ್ತದೆ. ಅಂದರೆ ಕೊಳವೆ ತಂತಿಯನ್ನು ಎಳೆಯುತ್ತದೆ. ಮೇಲೆ ಸರಿಯಾಗಿದ್ದ ಬಿಗಿ ಕೆಳಗೆ ಬೇರೆಯಾಗುತ್ತದೆ. ಕೋಲಾರದ ಗಣಿಗಳ ಅತಿ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಮೀರುತ್ತಿತ್ತೆಂಬುದನ್ನು, ಗಾಳಿ ತಂಪು ಮಾಡಲು ದೊಡ್ಡ ಯಂತ್ರಗಳು ಬೇಕಾಗಿದ್ದವೆಂಬುದನ್ನು ನೆನೆದರೆ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಅನಿಲದ ವಿಷಯವೂ ಹಾಗೆಯೇ. 1,600 ಕೊಳವೆಗಳೆಂದರೆ 3,200 ತುದಿಗಳು. ಪ್ರತಿ ತುದಿಗೂ ಒಂದು ಮುಚ್ಚಳ, ಒಂದು ಸೀಲು, ತಂತಿ ಹೊರಬರಲು ಒಂದು ರಂಧ್ರ. ನೂರಕ್ಕೆ ಒಂದು ಸೋರಿದರೂ 32 ಕಡೆ ಹೊರಗಿನ ಗಾಳಿ ಒಳಗೆ ಸೇರಿ ಕೊಳವೆ ಮಂಕಾಗುತ್ತದೆ. ಕೊಳವೆಯ ಒಳಗೋಡೆಯಲ್ಲಿ ಬೆಸುಗೆಯ ಚೂಪು ಮುಳ್ಳೊಂದು ಉಳಿದರೆ ಅಲ್ಲಿಂದ ಕಿಡಿ ಹಾರಿ ಸುಳ್ಳು ಮಿಡಿತ ಬರುತ್ತದೆ. ತೇವದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಫೈಲು ಹಿಡಿದು ಆ ಮುಳ್ಳನ್ನು ಉಜ್ಜಿ ತೆಗೆಯುವ ಫಿಟ್ಟರು, ಸೀಲು ಕೂರಿಸುವ ಟೆಕ್ನಿಶಿಯನ್ನು, ಸೋಪಿನ ನೀರು ಸವರಿ ಗುಳ್ಳೆ ಬರುವುದೇ ಎಂದು ನೋಡುವ ಸಹಾಯಕ ಇವರೆಲ್ಲರ ಕೈಯೂ ಕೊನೆಯ ಅಂಕಿಯಲ್ಲಿ ಸೇರಿರುತ್ತದೆ. ಹಿರಿಯ ಎಂಜಿನಿಯರ್‌ನ ಜಾಣತನ ಇರುವುದು ಇವರು ಮಾಡಬಹುದಾದಂಥ ನಕ್ಷೆ ಬರೆಯುವುದರಲ್ಲಿ. ಕಾಗದದ ಮೇಲೆ ಮೈಕ್ರಾನ್ ಬರೆಯುವುದು ಸುಲಭ. ಎಲ್ಲಿ ಮೈಕ್ರಾನ್ ಬೇಕು, ಎಲ್ಲಿ ಮಿಲಿಮೀಟರ್ ಸಾಕು ಎಂದು ಗುರುತಿಸುವುದು ಕಷ್ಟ. ಎಲ್ಲ ಕಡೆ ಮೈಕ್ರಾನ್ ಕೇಳಿದವರ ಉಪಕರಣ ಎಂದೂ ಮುಗಿಯುವುದಿಲ್ಲ.

ಹತ್ತು ಸೆಂಟಿಮೀಟರಿನ ಮಿತಿ

1980ರ ದಶಕದ ಆರಂಭದಲ್ಲೇ ಕೆಜಿಎಫ್ ತಂಡ ಪ್ರೋಟಾನ್ ಕ್ಷಯವಿರಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿದಾಗ ಜಗತ್ತಿನ ಭೌತವಿಜ್ಞಾನಿಗಳೆಲ್ಲ ಇತ್ತ ತಿರುಗಿ ನೋಡಿದರು. ಕಣದ ಜಾಡು ಉಪಕರಣದ ಒಳಗೇ ಹುಟ್ಟಿ ಒಳಗೇ ಮುಗಿದಂತೆ ಕಂಡಿತ್ತು. ಆದರೆ ನ್ಯೂಟ್ರಿನೊ ಒಂದು ಒಳಗೆ ಬಂದು ಡಿಕ್ಕಿ ಹೊಡೆದರೂ ಹೆಚ್ಚುಕಡಿಮೆ ಅಂಥದೇ ಚಿತ್ರ ಮೂಡಬಹುದು. ಎರಡನ್ನೂ ಬೇರ್ಪಡಿಸಲು ಜಾಡಿನ ಸಣ್ಣ ಸಣ್ಣ ತಿರುವುಗಳು ಕಾಣಬೇಕು. ಪ್ರೋಟಾನ್ ಸತ್ತಾಗ ಹೊಮ್ಮುವ ಕಣಗಳು ಕಬ್ಬಿಣದಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಕೆಲವೇ ಕೊಳವೆಗಳನ್ನು ಮಿಡಿಸಿ ನಿಲ್ಲುತ್ತವೆ. ಕೊಳವೆಯ ಅಗಲ 10 ಸೆಂ.ಮೀ. ಆಗಿರುವಾಗ ಜಾಡಿನ ಚಿತ್ರ ದೊಡ್ಡ ದೊಡ್ಡ ಚುಕ್ಕಿಗಳಲ್ಲಿ ಬರೆದ ರಂಗೋಲಿಯಂತೆ. ಗೆರೆ ಎಲ್ಲಿ ಬಾಗಿತು ಎಂದು ಹೇಳಬಹುದು, ಆದರೆ ಪ್ರಮಾಣ ಮಾಡಿ ಹೇಳುವುದು ಕಷ್ಟ.

ಹಾಗಿದ್ದರೆ ಕೊಳವೆಯನ್ನು 5 ಸೆಂ.ಮೀ.ಗೆ ಇಳಿಸಬಹುದಿತ್ತಲ್ಲವೆ ಎಂದು ಕೇಳಬಹುದು. ಅದೇ ಜಾಗ ತುಂಬಲು ಆಗ ಕೊಳವೆಗಳು ನಾಲ್ಕು ಪಟ್ಟು ಬೇಕು. ಸೀಲುಗಳು, ತಂತಿಗಳು, ವಿದ್ಯುನ್ಮಾನ ಮಂಡಲಗಳು, ಖರ್ಚು ಎಲ್ಲವೂ ನಾಲ್ಕು ಪಟ್ಟು. ಕೊಳವೆಯ ಸಂಖ್ಯೆ ಅಷ್ಟೇ ಇರಲಿ ಎಂದರೆ ಉಪಕರಣ ಚಿಕ್ಕದಾಗುತ್ತದೆ, ಕಾವಲಿಗೆ ಸಿಗುವ ಪ್ರೋಟಾನುಗಳು ಕಡಿಮೆಯಾಗುತ್ತವೆ. ತೂಕ ಬೇಕೆಂದರೆ ಸೂಕ್ಷ್ಮತೆ ಬಿಡಬೇಕು, ಸೂಕ್ಷ್ಮತೆ ಬೇಕೆಂದರೆ ತೂಕ ಬಿಡಬೇಕು. ಇದು ಯಾರ ತಪ್ಪೂ ಅಲ್ಲ. ಈ ಕಸುಬಿನ ಮೂಲ ಇಕ್ಕಟ್ಟು. ನಕ್ಷೆಯ ಮೇಲೆ ಒಂದು ಅಂಕಿಯಾಗಿದ್ದ 10 ಸೆಂ.ಮೀ. ಮುಂದೆ ಒಂದು ದೊಡ್ಡ ವೈಜ್ಞಾನಿಕ ಚರ್ಚೆಯ ಗಡಿಯಾಯಿತು.

ತಂಡ ಕೈಕಟ್ಟಿ ಕೂರಲಿಲ್ಲ. 2 ಕಿ.ಮೀ. ಆಳದಲ್ಲಿ 260 ಟನ್ನಿನ ಎರಡನೆಯ ಉಪಕರಣ ಕಟ್ಟಿತು. 1980ರ ದಶಕದ ಮಧ್ಯಭಾಗದಲ್ಲಿ ಅದೂ ಕೆಲಸಕ್ಕೆ ನಿಂತಿತು. ಅಷ್ಟರಲ್ಲಿ ಅಮೆರಿಕದ ಓಹಾಯೊ ಉಪ್ಪಿನ ಗಣಿಯಲ್ಲೂ ಜಪಾನಿನ ಕಮಿಯೋಕಾ ಗಣಿಯಲ್ಲೂ ಸಾವಿರಾರು ಟನ್ ಶುದ್ಧ ನೀರಿನ ತೊಟ್ಟಿಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಪ್ರೋಟಾನಿನ ಸಾವು ಕಾಣಲಿಲ್ಲ. ಕಮಿಯೋಕಾದಲ್ಲಿ ನಂತರ ಕಟ್ಟಿದ 50,000 ಟನ್ ನೀರಿನ ಉಪಕರಣದಲ್ಲೂ ಇಂದಿನವರೆಗೆ ಕಂಡಿಲ್ಲ. ಪ್ರೋಟಾನಿನ ಆಯಸ್ಸು 1ರ ಮುಂದೆ 34 ಸೊನ್ನೆ ವರ್ಷಕ್ಕೂ ಹೆಚ್ಚೆಂದು ಈಗ ತಿಳಿದಿದೆ. ಕೆಜಿಎಫ್‌ನಲ್ಲಿ ಕಂಡದ್ದು ಪ್ರೋಟಾನ್ ಕ್ಷಯ ಆಗಿರಲಾರದು. ಹಾಗೆಂದು ಆ ಶ್ರಮ ವ್ಯರ್ಥವಾಯಿತೆನ್ನುವಂತಿಲ್ಲ. ಪ್ರೋಟಾನಿಗೆಂದು ಕಟ್ಟಿದ ಕಮಿಯೋಕಾದ ತೊಟ್ಟಿಯೇ 1987ರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳನ್ನು ಹಿಡಿಯಿತು. ಮಸಾತೋಶಿ ಕೋಶಿಬಾ ಅವರಿಗೆ 2002ರಲ್ಲಿ ನೊಬೆಲ್ ತಂದಿತು. ಚೆನ್ನಾಗಿ ಕಟ್ಟಿದ ಉಪಕರಣ ತನ್ನನ್ನು ಕಟ್ಟಿದವರು ಕೇಳದ ಪ್ರಶ್ನೆಗೂ ಉತ್ತರ ಕೊಡಬಲ್ಲದು. ಅದಕ್ಕೆ ಅದು ಬದುಕಿರಬೇಕು, ಅಷ್ಟೆ.

ಉಳಿದದ್ದು, ಉಳಿಯಬೇಕಾದದ್ದು

ಕೆಜಿಎಫ್‌ನ ಉಪಕರಣಗಳಿಗೆ ಆ ಅದೃಷ್ಟವಿರಲಿಲ್ಲ. ಚಿನ್ನದ ಆದಾಯ ಕುಸಿದಂತೆ ಆಳದ ಲೆವೆಲ್‌ಗಳನ್ನು ನಡೆಸುವುದು ಭಾರವಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಗಳೇ ಮುಚ್ಚಿದವು. ಪಂಪು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಭೂಗತ ಪ್ರಯೋಗಾಲಯ ಗಣಿಯ ಆಶ್ರಯದಲ್ಲಿ ಬದುಕುವ ಬಳ್ಳಿ. ಮರ ಬಿದ್ದರೆ ಅದೂ ಬೀಳುತ್ತದೆ. ಇದರಿಂದ ಕಲಿತ ಪಾಠವೆಂದರೆ, ಮುಂದಿನ ಪ್ರಯೋಗಾಲಯ ಗಣಿಯ ಲಾಭನಷ್ಟಕ್ಕೆ ಗಂಟುಬಿದ್ದಿರಬಾರದು ಎಂಬುದು.

ಆ ಆಲೋಚನೆಯಿಂದಲೇ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯದ ಯೋಜನೆ ರೂಪುಗೊಂಡಿತು. ಅದರಲ್ಲೂ ಕಬ್ಬಿಣದ ತಗಡುಗಳ ಪದರ, ನಡುವೆ ಕಣ ಗುರುತಿಸುವ ಪದರ. ತೂಕ ಮಾತ್ರ 50,000 ಟನ್, ಜಾಡಿನ ಚುಕ್ಕಿ 10 ಸೆಂ.ಮೀ. ಬದಲು 3 ಸೆಂ.ಮೀ. ಆಸುಪಾಸು. ಕೋಲಾರದ ಅಟ್ಟಣೆಯ ಮೊಮ್ಮಗ ಎನ್ನಬಹುದು. ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ಕೊಟ್ಟರೂ ಸ್ಥಳೀಯರ ವಿರೋಧ, ಪರಿಸರದ ಆತಂಕ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಅದು ಮೇಲೇಳಲಿಲ್ಲ. 85 ಟನ್ನಿನ ಒಂದು ಮಾದರಿಯನ್ನು ಮಧುರೈಯಲ್ಲಿ ಕಟ್ಟಲಾಯಿತು. ಜಾರ್ಖಂಡದ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ 2017ರಲ್ಲಿ ಒಂದು ಪ್ರಯೋಗಾಲಯ ತೆರೆಯಿತು. ಕೋಲಾರದ 2.3 ಕಿ.ಮೀ. ಎಲ್ಲಿ, 555 ಮೀಟರ್ ಎಲ್ಲಿ! ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಆಳದಲ್ಲಿ ಅಳತೆ ಮಾಡಿದ ದೇಶ ಇಂದು ಮತ್ತೆ ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಕಾಗಿದೆ.

ಬಂಡೆ, ಆಳ, ಕಬ್ಬಿಣ ಮೂರನ್ನೂ ಹಣ ಕೊಟ್ಟರೆ ಮತ್ತೆ ದೊರಕಿಸಬಹುದು. ಸಿಗದಿರುವುದು ಕೈಯ ಅನುಭವ. ತೇವದ ಸುರಂಗದಲ್ಲಿ ಸೀಲು ಎಷ್ಟು ಬಿಗಿಯಾಗಬೇಕು, ಯಾವ ಬೆಸುಗೆ ಹತ್ತು ವರ್ಷ ನಿಲ್ಲುತ್ತದೆ, ಕೇಜಿನಲ್ಲಿ ಇಳಿಸುವಾಗ ಯಾವ ಭಾಗ ಮೊದಲು ಜಖಂ ಆಗುತ್ತದೆ ಎಂಬ ತಿಳಿವಳಿಕೆ ಪ್ರಬಂಧಗಳಲ್ಲಿ ಅಚ್ಚಾಗುವುದಿಲ್ಲ. ಅದು ವರ್ಕ್‌ಶಾಪಿನ ನಕ್ಷೆಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಲ್ಲಿ, ನಿವೃತ್ತರಾದವರ ನೆನಪಿನಲ್ಲಿ ಇರುತ್ತದೆ. ಒಂದು ತಲೆಮಾರು ಅದನ್ನು ಮುಂದಿನವರಿಗೆ ಒಪ್ಪಿಸದೆ ಹೋದರೆ ಮುಂದಿನವರು ಎಲ್ಲ ತಪ್ಪುಗಳನ್ನೂ ಹೊಸದಾಗಿ ಮಾಡಿ ಕಲಿಯಬೇಕು.

ಗಣಿ ಮುಚ್ಚಿದ ಮೇಲೆ ಕೆಜಿಎಫ್ ಮತ್ತು ಬಂಗಾರಪೇಟೆಯ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವುದು ದಿನಚರಿಯಾಗಿದೆ. ಅವರ ಮಕ್ಕಳು ಎಂಜಿನಿಯರಿಂಗ್ ಓದುತ್ತಾರೆ. ತಮ್ಮ ಅಜ್ಜಂದಿರು ಚಿನ್ನ ತೆಗೆದ ಕಥೆ ಅವರಿಗೆ ಗೊತ್ತು. ಅದೇ ಶಾಫ್ಟಿನ ತಳದಲ್ಲಿ ನಿಂತ ಗೋಡೆಯೊಂದು ನ್ಯೂಟ್ರಿನೊ ಹಿಡಿದ ಕಥೆ, ಎರಡು ತಿಂಗಳ ಸೊನ್ನೆಯನ್ನು ಜಗತ್ತು ನಂಬುವಂತೆ ಮಾಡಿದ ಕಥೆ ಅವರ ಪಠ್ಯಪುಸ್ತಕಕ್ಕೂ ಬರಬೇಕು. ಉಳಿದಿರುವ ನಕ್ಷೆಗಳನ್ನು, ಫೋಟೊಗಳನ್ನು, ದಿನಚರಿಗಳನ್ನು ಕಲೆಹಾಕಿ ಊರಿನಲ್ಲೇ ಒಂದು ಕಡೆ ಇಡುವುದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಆ ಉಪಕರಣಗಳ ಮೇಲೆ ಕೆಲಸ ಮಾಡಿದವರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಆಗಬೇಕು. ನೀರು ತುಂಬಿದ ಸುರಂಗದಿಂದ ಉಪಕರಣವನ್ನು ಎತ್ತುವುದು ಕಷ್ಟ. ಮಾತನಾಡಲು ಸಿದ್ಧವಿರುವವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವುದು ಕಷ್ಟವಲ್ಲ.